ಸ್ಮೃತಿಯ ವೇಗ, ಸ್ಮೃತಿಯ ನಿಷ್ಠೆ

ಮುಂಬಯಿಯ ಗ್ರಾಂಟ್ ರೋಡ್ ನಿಲ್ದಾಣದಲ್ಲಿಳಿದು, ದಾಖಲೆಗಳಲ್ಲಿ ಡಾ. ದಾದಾಸಾಹೇಬ್ ಭಡ್ಕಮ್ಕರ್ ಮಾರ್ಗವೆಂದಿದ್ದರೂ ಜನರ ನಾಲಗೆಯಲ್ಲಿ ಇಂದಿಗೂ ಲ್ಯಾಮಿಂಗ್ಟನ್ ರೋಡೇ ಆಗಿ ಉಳಿದಿರುವ ಬೀದಿಗೆ ಬಂದರೆ, ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳು ಸಾಲಾಗಿ ಎದುರಾಗುತ್ತವೆ. ಅಲ್ಲಿ ಡಿಡಿಆರ್4 ಮೆಮೊರಿಯನ್ನು ಕೊಂಡವನು ಪೊಟ್ಟಣದ ಮೇಲೆ 3200 ಎಂಬ ಅಂಕಿಯನ್ನು ಕಂಡು ಸಂತುಷ್ಟನಾಗಿ, ಮನೆಯಲ್ಲಿ ಜೋಡಿಸಿದ ಬಳಿಕ ಪರದೆಯ ಮೇಲೆ 2133 ಎಂದೋ 2400 ಎಂದೋ ಇರುವುದನ್ನು ನೋಡಿ ತಾನು ವಂಚಿತನಾದೆನೆಂದು ಭಾವಿಸುವುದುಂಟು. ಈ ಶಂಕೆ ಬಹುಮಟ್ಟಿಗೆ ನಿರಾಧಾರವಾದುದು.

ಮೆಮೊರಿಯ ಹಲಗೆಯಲ್ಲಿ ಎಸ್‌ಪಿಡಿ ಎಂಬ ಪುಟ್ಟ ಚಿಪ್ ಇದ್ದು, ಜೆಡೆಕ್ ಸಂಸ್ಥೆಯ ಮಾನದಂಡಕ್ಕೊಪ್ಪುವ ವೇಗ, ಕಾಲಮಿತಿ, ವೋಲ್ಟೇಜುಗಳು ಅದರಲ್ಲಿ ಲಿಖಿತವಾಗಿರುತ್ತವೆ; ಯಂತ್ರವು ಮೊದಲು ನಡೆಯುವುದು ಇವುಗಳಿಗನುಸಾರವಾಗಿ. ಪೊಟ್ಟಣದ ಮೇಲಿನ ಹೆಚ್ಚಿನ ವೇಗವಾದರೋ, ಅನೇಕ ವೇಳೆ, ಇಂಟೆಲ್ 2007ರಲ್ಲಿ ಬಳಕೆಗೆ ತಂದ ಎಕ್ಸ್‌ಎಂಪಿ ಎಂಬ ಪ್ರತ್ಯೇಕ ಪಟ್ಟಿಯಲ್ಲಿ ತಯಾರಕನು ತನ್ನ ಪರೀಕ್ಷೆಯ ಬಲದಿಂದ ಬರೆದಿರಿಸಿದುದು. ಅದನ್ನು ಬಯಾಸ್‌ನಲ್ಲಿ ನಾವೇ ಆರಿಸಬೇಕು. ಆರಿಸಿದಾಗ ವೋಲ್ಟೇಜು ಸಾಮಾನ್ಯವಾಗಿ 1.2ರಿಂದ 1.35ಕ್ಕೆ ಏರುತ್ತದೆ. ಸಿಪಿಯು-ಝಡ್ ತಂತ್ರಾಂಶದಲ್ಲಿ 1600 ಎಂದು ಕಂಡರೆ ಗಾಬರಿ ಬೇಡ: ಗಡಿಯಾರದ ಪ್ರತಿ ಮಿಡಿತಕ್ಕೂ ಎರಡು ಬಾರಿ ದತ್ತಾಂಶ ಸಾಗುವುದರಿಂದ ಅದೇ 3200.

ಆದರೆ ಕಾಲಮಿತಿಯೆಂಬುದು ಏಕೆ ಬೇಕೆಂಬ ಪ್ರಶ್ನೆಯೇ ಹೆಚ್ಚು ಮನನಯೋಗ್ಯವಾದುದು. ಇದೇ ನಗರದ ಕೊಲಾಬಾದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಆರ್. ನರಸಿಂಹನ್ ಅವರ ನೇತೃತ್ವದಲ್ಲಿ ನಿರ್ಮಿಸಿ 1960ರಲ್ಲಿ ಕಾರ್ಯಗತಗೊಳಿಸಿದ ಟಿಫ್ರಾಕ್ ಗಣಕಕ್ಕೆ, 40 ಬಿಟ್‌ಗಳ 2048 ಪದಗಳನ್ನು ಧರಿಸುವ ಫೆರೈಟ್ ಉಂಗುರಗಳ ಸ್ಮೃತಿಕೋಶವಿದ್ದಿತು. ಅಂತಹ ಉಂಗುರವನ್ನು ಓದಿದೊಡನೆ ಅದರಲ್ಲಿದ್ದುದು ಅಳಿಯುತ್ತಿದ್ದುದರಿಂದ, ಓದಿದುದನ್ನು ಪುನಃ ಬರೆದಿಡುವುದಕ್ಕೂ ಸಮಯವನ್ನು ಮೀಸಲಿಡಬೇಕಾಗುತ್ತಿತ್ತು. ಆಶ್ಚರ್ಯವೆಂದರೆ, 1966ರಲ್ಲಿ ಐಬಿಎಂನ ರಾಬರ್ಟ್ ಡೆನಾರ್ಡ್ ಕಲ್ಪಿಸಿದ, ಇಂದು ನಮ್ಮೆಲ್ಲರ ಯಂತ್ರಗಳಲ್ಲಿರುವ ಡಿರ್‍ಯಾಮ್‌ಗೂ ಅದೇ ಧರ್ಮ: ಸೂಕ್ಷ್ಮ ಕೆಪಾಸಿಟರಿನ ವಿದ್ಯುದಂಶವನ್ನು ಓದುವಾಗ ಅದು ಕರಗುತ್ತದೆ, ಕೂಡಲೇ ಮರಳಿ ತುಂಬಬೇಕು; ಓದದೆ ಬಿಟ್ಟರೂ ಸೋರುವುದರಿಂದ 64 ಮಿಲಿಸೆಕೆಂಡಿಗೊಮ್ಮೆ ನವೀಕರಿಸಬೇಕು. ಕಾಲಮಿತಿ ಈ ಓದಿಗೂ ಪುನರ್ಭರಣಕ್ಕೂ ಮೀಸಲಾದ ಅವಕಾಶ. ಮಿತಿಮೀರಿ ಅದನ್ನು ಕಡಿತಗೊಳಿಸಿದರೆ 1 ಇದ್ದಲ್ಲಿ 0 ಕಾಣಿಸಿಕೊಳ್ಳಬಹುದು. ಚಿಪ್‌ನ ಉಷ್ಣತೆ 85 ಡಿಗ್ರಿ ಸೆಲ್ಸಿಯಸ್ ಮೀರಿದಾಗ ನವೀಕರಣದ ಅವಧಿಯನ್ನು ಮಾನದಂಡವೇ 32 ಮಿಲಿಸೆಕೆಂಡಿಗೆ ಇಳಿಸಿರುವುದರಿಂದ, ಮೇ ತಿಂಗಳ ಮುಂಬಯಿಯಲ್ಲಿ ಗಾಳಿಯಾಡದ ಮೂಲೆಯಲ್ಲಿ ಕಂಪ್ಯೂಟರನ್ನು ಇರಿಸುವುದು ಯುಕ್ತವಲ್ಲ.

ಓದುವ ಆಜ್ಞೆಯಿಂದ ದತ್ತಾಂಶ ಬರುವವರೆಗೆ ಗಡಿಯಾರದ ಎಷ್ಟು ಮಿಡಿತಗಳು ಬೇಕೆಂದು ತಿಳಿಸುವ ಸಿಎಲ್ ಎಂಬ ಕಾಲಮಿತಿಯ ಸಂಖ್ಯೆಯನ್ನೂ ಒಂಟಿಯಾಗಿ ನೋಡತಕ್ಕದ್ದಲ್ಲ. 3200 ವೇಗದಲ್ಲಿ ಸಿಎಲ್ 16, 3600 ವೇಗದಲ್ಲಿ ಸಿಎಲ್ 18, ಎರಡೂ ಸರಿಯಾಗಿ 10 ನ್ಯಾನೋಸೆಕೆಂಡುಗಳೇ. ಮಾನದಂಡದ 3200, ಸಿಎಲ್ 22 ಆದರೆ 13.75. ಪ್ರೊಸೆಸರಿನ ನಿಯಂತ್ರಕದ ಶಕ್ತಿಯೂ, ಜೋಡಿಸಿದ ಹಲಗೆಗಳ ಸಂಖ್ಯೆಯೂ ಇಲ್ಲಿ ಗಣ್ಯವಾದುದರಿಂದ, ಎರಡು ಹಲಗೆಗಳಲ್ಲಿ ಸುಗಮವಾಗಿ ನಡೆದ ವೇಗವು ನಾಲ್ಕರಲ್ಲಿ ತಡವರಿಸಬಹುದು.

ನಿಧಾನವಾದ ಮೆಮೊರಿಯಿಂದ ನಷ್ಟವಾಗುವುದು ಅಲ್ಪ ಸಮಯ. ತಪ್ಪು ಹೇಳುವ ಮೆಮೊರಿಯಿಂದ ಮಕ್ಕಳ ಚಿತ್ರಗಳೂ ಅಂಗಡಿಯ ಲೆಕ್ಕಪತ್ರಗಳೂ ನಮಗೆ ತಿಳಿಯದಂತೆಯೇ ಕೆಡಬಹುದು. ಆದುದರಿಂದ ಎಕ್ಸ್‌ಎಂಪಿಯನ್ನು ಆರಿಸಿದ ದಿನವೇ ಮೆಮ್‌ಟೆಸ್ಟ್86 ತಂತ್ರಾಂಶವನ್ನು ರಾತ್ರಿಯಿಡೀ ನಡೆಯಗೊಡಿರಿ. ಒಂದೇ ಒಂದು ದೋಷ ಕಂಡರೂ ವೇಗವನ್ನು ಇಳಿಸಿ ಮತ್ತೊಮ್ಮೆ ಪರೀಕ್ಷಿಸಿರಿ, ಮಾನದಂಡದ ವೇಗದಲ್ಲಿಯೂ ದೋಷ ಉಳಿದರೆ ಹಲಗೆಯನ್ನು ರಸೀದಿಯೊಡನೆ ಅಂಗಡಿಗೆ ಹಿಂದಿರುಗಿಸಿರಿ.