ತೊಟ್ಟಿಯೊಳಗಿನ ಹವಳಕ್ಕೆ ಕಾವಲು ಯಂತ್ರ

ಪ್ರಶ್ನೆ: ಹವಳ ಸಾಕುವ ಅಕ್ವೇರಿಯಂಗಳಲ್ಲಿ ನೀರನ್ನು ತಾನೇ ಪರೀಕ್ಷಿಸುವ ಯಂತ್ರ ಇರುತ್ತದಂತೆ. ಅದು ಮಾಡುವುದೇನು?

ಉತ್ತರ: ಪಿಯುಸಿ ವಿದ್ಯಾರ್ಥಿಗಳು ಬ್ಯೂರೆಟ್ ಹಿಡಿದು, ಕಣ್ಣು ಕಿರಿದಾಗಿಸಿ ಮಾಡುವ ಟೈಟ್ರೇಶನ್ ಇದೆಯಲ್ಲ, ಬಹುಮಟ್ಟಿಗೆ ಅದನ್ನೇ!

ಹವಳದ ಅಸ್ಥಿಪಂಜರ ಕ್ಯಾಲ್ಸಿಯಂ ಕಾರ್ಬೊನೇಟಿನದು. ಬೆಳೆಯುತ್ತಾ ಅದು ನೀರಿನ ಕ್ಯಾಲ್ಸಿಯಂ ಮತ್ತು ಕ್ಷಾರೀಯತೆ ಎರಡನ್ನೂ ಕಬಳಿಸುತ್ತದೆ. ಸಮುದ್ರದಲ್ಲಿ ಇದು ಲೆಕ್ಕಕ್ಕೇ ಬಾರದು. ಅಲ್ಲಿ ಲೀಟರಿಗೆ ಸುಮಾರು 410 ಮಿಲಿಗ್ರಾಂ ಕ್ಯಾಲ್ಸಿಯಂ ಸದಾ ಇದ್ದೇ ಇರುತ್ತದೆ. ಹವಳ ತುಂಬಿದ ಪುಟ್ಟ ತೊಟ್ಟಿಯಲ್ಲಾದರೋ ಕ್ಷಾರೀಯತೆ ಒಂದೇ ದಿನದಲ್ಲಿ ಎದ್ದು ಕಾಣುವಷ್ಟು ಕುಸಿಯಬಹುದು.

ಯಂತ್ರದ ಪುಟ್ಟ ಪಂಪು ತೊಟ್ಟಿಯಿಂದ ಅಳತೆಯ ನೀರು ಎಳೆದುಕೊಂಡು, ಅದಕ್ಕೆ ಸ್ವಲ್ಪಸ್ವಲ್ಪವೇ ಆಮ್ಲ ಬೆರೆಸುತ್ತದೆ. ಪಿಎಚ್ ನಿಗದಿತ ಮಟ್ಟಕ್ಕಿಳಿದಾಗ ಅಥವಾ ಸೂಚಕದ ಬಣ್ಣ ಬದಲಾದಾಗ, ಖರ್ಚಾದ ಆಮ್ಲದಿಂದ ಕ್ಷಾರೀಯತೆಯ ಲೆಕ್ಕ ಸಿಗುತ್ತದೆ. ಅಮೆರಿಕದ ನೆಪ್ಚೂನ್ ಸಿಸ್ಟಮ್ಸ್ ಕಂಪನಿಯ ‘ಟ್ರೈಡೆಂಟ್’ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನೂ ಅಳೆದು ಫಲಿತಾಂಶವನ್ನು ಮೊಬೈಲಿಗೆ ಕಳಿಸುತ್ತದೆ. ಪರೀಕ್ಷಿಸಿದ ನೀರು ಮಾತ್ರ ತೊಟ್ಟಿಗೆ ಮರಳುವುದಿಲ್ಲ, ಬೇರೆ ಡಬ್ಬಿಗೆ ಹೋಗುತ್ತದೆ.

ಹಾಗೆಂದು ಕೈಕಟ್ಟಿ ಕೂರುವಂತಿಲ್ಲ. ರಾಸಾಯನಿಕ ಮುಗಿಯುತ್ತದೆ, ಕೊಳವೆ ಸವೆಯುತ್ತದೆ, ಪಿಎಚ್ ಸಂವೇದಕ ಹಾದಿ ತಪ್ಪುತ್ತದೆ. ಯಂತ್ರ ಕೊಂಡವರು ಹಳೆಯ ಟೆಸ್ಟ್ ಕಿಟ್ಟನ್ನು ಎಸೆಯದಿರುವುದೇ ಒಳ್ಳೆಯದು.