ಹೊಸ ಮಸೀದಿಯ ನಕ್ಷೆ: ಫೈಲು ಎಲ್ಲಿಗೆ ಹೋಗುತ್ತದೆ, ತೀರ್ಮಾನ ಯಾರದು?

ಬಡಾವಣೆಯಲ್ಲಿ ಮಸೀದಿ ಕಟ್ಟುತ್ತಾರಂತೆ ಎಂಬ ಸುದ್ದಿ ಹಬ್ಬಿದರೆ ಬೆಂಬಲ ಕೇಳುವವರೂ ವಿರೋಧಿಸುವವರೂ ಮೊದಲು ಹೋಗುವುದು ಕಾರ್ಪೊರೇಟರ್ ಮನೆಗೆ. ಆದರೆ ಕಲಬುರಗಿ ಪಾಲಿಕೆಯ 55 ವಾರ್ಡ್‌ಗಳ ಯಾವ ಸದಸ್ಯರಿಗೂ ಕಟ್ಟಡದ ನಕ್ಷೆ ಮಂಜೂರು ಮಾಡುವ ಅಧಿಕಾರವಿಲ್ಲ. 1976ರ ಪಾಲಿಕೆ ಕಾಯ್ದೆಯಂತೆ ಅದು ಆಯುಕ್ತರದು. ಮಸೀದಿ, ಗುಡಿ, ಚರ್ಚ್ ಯಾವುದಾದರೂ ದಾರಿ ಇದೇ.

ಮೊದಲು ಜಾಗದ ಕಾಗದ

ಹೊಲವಾಗಿದ್ದರೆ ಪಹಣಿ ಸಾಲದು. 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಎನ್‌ಎ ಆಗಬೇಕು. ಜಾಗ ಮಾಸ್ಟರ್ ಪ್ಲ್ಯಾನ್‌ನ ಯಾವ ವಲಯದಲ್ಲಿದೆ ಎಂದು ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ ನೋಡಿಕೊಳ್ಳಬೇಕು. ಭೂಬಳಕೆ ಬದಲಾಗಬೇಕಿದ್ದರೆ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಸಾರ್ವಜನಿಕರ ಆಕ್ಷೇಪಣೆ ಕರೆಯುತ್ತಾರೆ. ನೆರೆಹೊರೆಯವರು ತಕರಾರು ದಾಖಲಿಸಲು ಕಾನೂನೇ ಒದಗಿಸಿದ ಅವಕಾಶ ಅದು, ಕೈಬಿಡಬೇಡಿ.

ಜಾಗವನ್ನು ವಕ್ಫ್ ಮಾಡುವುದಾದರೆ, 2025ರ ತಿದ್ದುಪಡಿಯ ನಂತರ ವಕ್ಫ್ ಪತ್ರ ಬರೆಯಲೇಬೇಕು. ರಸ್ತೆ, ಉದ್ಯಾನದ ಜಾಗವಂತೂ ಬೇಡವೇ ಬೇಡ. ಸಾರ್ವಜನಿಕ ಸ್ಥಳದಲ್ಲಿ ಹೊಸದಾಗಿ ಅನಧಿಕೃತ ಪ್ರಾರ್ಥನಾ ಸ್ಥಳ ಕಟ್ಟಬಾರದೆಂದು ಸುಪ್ರೀಂ ಕೋರ್ಟ್ 2009ರ ಸೆಪ್ಟೆಂಬರ್ 29ರಂದೇ ಆದೇಶಿಸಿದೆ. ರಾಜ್ಯದ 2021ರ ಕಾಯ್ದೆ ರಕ್ಷಿಸುವುದು ಆಗಲೇ ಇದ್ದ ಕಟ್ಟಡಗಳನ್ನು ಮಾತ್ರ.

ಟೇಪು ಹಿಡಿದು ಬರುವ ಎಂಜಿನಿಯರ್

ಮಾಲೀಕತ್ವದ ದಾಖಲೆ, ಖಾತಾ, ತೆರಿಗೆ ರಸೀದಿ, ನಕ್ಷೆ ಸೇರಿಸಿ ಅರ್ಜಿ ಕೊಟ್ಟ ಮೇಲೆ ಎಂಜಿನಿಯರ್ ಸ್ಥಳಕ್ಕೆ ಬಂದು ಮುಂದಿನ ರಸ್ತೆಯ ಅಗಲ ಅಳೆಯುತ್ತಾರೆ. ಎಷ್ಟು ಎತ್ತರ, ಸುತ್ತ ಎಷ್ಟು ಜಾಗ ಬಿಡಬೇಕು ಎಂಬುದಕ್ಕೆ ಆ ಅಳತೆ ಆಧಾರ. ಶುಕ್ರವಾರ ಮಧ್ಯಾಹ್ನ ಬರುವ ವಾಹನಗಳು ಎಲ್ಲಿ ನಿಲ್ಲುತ್ತವೆ ಎಂಬುದಕ್ಕೆ ನಕ್ಷೆಯಲ್ಲೇ ಉತ್ತರವಿರಲಿ.

ರಾಜಕೀಯ ಕೆಲಸ ಮಾಡುವುದು ಬಹುಪಾಲು ವಿಳಂಬದ ರೂಪದಲ್ಲಿ. ಫೈಲು ಒಪ್ಪಿಗೆಯೂ ಇಲ್ಲ, ತಿರಸ್ಕಾರವೂ ಇಲ್ಲ ಎಂದು ಕುಳಿತುಬಿಡುತ್ತದೆ. ಹಾಗಾದರೆ ಅರ್ಜಿದಾರರು ಪಾಲಿಕೆಯ ಸ್ಥಾಯಿ ಸಮಿತಿಗೆ ಲಿಖಿತವಾಗಿ ಮೊರೆಯಿಡಬಹುದು. ಚುನಾಯಿತ ಸದಸ್ಯರ ಮಾತಿಗೆ ಕಾನೂನಿನ ಬಲ ಬರುವುದು ಅಲ್ಲಿ. ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲೇ ಕೇಳಿ ಪಡೆಯಿರಿ. ಹೈಕೋರ್ಟಿನ ಕಲಬುರಗಿ ಪೀಠಕ್ಕೆ ಹೋಗಲು ಅದೇ ಆಧಾರ.

ಕಮಲಾಪುರದ ಕಡೆ

2018ರಲ್ಲಿ ತಾಲ್ಲೂಕಾದ ಕಮಲಾಪುರದ ಹಳ್ಳಿಗಳಲ್ಲಿ ಚಿತ್ರ ಬೇರೆ. 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಮಿನಂತೆ ಕಟ್ಟಡಕ್ಕೆ ಅನುಮತಿ ಕೊಡುವುದು ಗ್ರಾಮ ಪಂಚಾಯಿತಿ. ನಮೂನೆ 9, 11ಎ ಸರಿಯಿರಬೇಕು. ಪಿಡಿಒ, ಅಧ್ಯಕ್ಷರು, ಸದಸ್ಯರು ಎಲ್ಲ ಪರಿಚಿತರೇ. ಒತ್ತಡವೂ ಮನೆಬಾಗಿಲಿಗೇ ಬರುತ್ತದೆ. ಆದ್ದರಿಂದ ಬಾಯಿಮಾತಿನ ಭರವಸೆ ನಂಬಿ ಬುನಾದಿ ತೋಡಬೇಡಿ. ಲಿಖಿತ ಅನುಮತಿ, ಠರಾವಿನ ಪ್ರತಿ ಕೈಯಲ್ಲಿರಲಿ.

ತಕರಾರು ಹೇಗಿರಬೇಕು?

ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಕ್ಕೆ ಒಳಪಟ್ಟು ಧಾರ್ಮಿಕ ಸಂಸ್ಥೆ ಸ್ಥಾಪಿಸುವ ಹಕ್ಕನ್ನು ಸಂವಿಧಾನದ 26ನೇ ವಿಧಿ ಕೊಟ್ಟಿದೆ. 'ನಮ್ಮ ಓಣಿಯಲ್ಲಿ ಅವರು ಬೇಡ' ಎಂಬುದು ಆಕ್ಷೇಪಣೆಯಲ್ಲ. ಒತ್ತುವರಿ, ಇಕ್ಕಟ್ಟಾದ ರಸ್ತೆ, ಮುಚ್ಚಿಹೋಗುವ ಚರಂಡಿ ನಿಜವಾದ ಆಕ್ಷೇಪಣೆಗಳು. ಧ್ವನಿವರ್ಧಕಕ್ಕೆ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಡಿ ಬೇರೆಯೇ ಅನುಮತಿ ಬೇಕು.

ಕಮಿಟಿಯವರು ಅರ್ಜಿ ಹಾಕುವ ಮೊದಲೇ ಓಣಿಯ ಎಲ್ಲರನ್ನೂ ಕರೆದು ನಕ್ಷೆ ತೋರಿಸಲಿ. ಗೇಟು ಎಲ್ಲಿ, ನೀರು ಹರಿಯುವುದು ಎಲ್ಲಿಗೆ ಎಂದು ಹೇಳಲಿ. ಕೇಳಬೇಕಾದವರು ಎದುರಿಗೇ ಕೇಳಲಿ. ಅಲ್ಲಿ ಬಗೆಹರಿದದ್ದು ಬೀದಿಗೆ ಬರುವುದಿಲ್ಲ.