ಇಟ್ಟಿಗೆ ಒಲೆ: ಶಾಖದ ಗೂಡು ಎಷ್ಟು ದೊಡ್ಡದಿರಬೇಕು?

ಡಿಸೆಂಬರ್ ಬಂತೆಂದರೆ ನೀಲಗಿರಿಯ ನಮ್ಮ ಹೊಲಗಳಲ್ಲಿ ಹಿಮ ಬೀಳತೊಡಗುತ್ತದೆ. ಕೆಲವು ಮನೆಗಳಲ್ಲಿ ಇದ್ದಿಲ ಕೆಂಡವನ್ನು ಕೋಣೆಯೊಳಗಿಟ್ಟು, ಬಾಗಿಲು ಕಿಟಕಿ ಮುಚ್ಚಿ ಮಲಗುವುದುಂಟು. ದಯವಿಟ್ಟು ಹಾಗೆ ಮಾಡಬೇಡಿ. ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಮಲಗಿದಲ್ಲೇ ಪ್ರಾಣ ಬಿಡುತ್ತಾರೆ.

ರಷ್ಯ, ಫಿನ್‌ಲ್ಯಾಂಡ್‌ನಂತಹ ಚಳಿ ದೇಶಗಳ ರೈತರು ಇದಕ್ಕೆ ಬೇರೆ ದಾರಿ ಕಂಡುಕೊಂಡಿದ್ದಾರೆ. ಹೊಗೆಕೊಳವೆಯುಳ್ಳ ಭಾರಿ ಇಟ್ಟಿಗೆ ಒಲೆಯಲ್ಲಿ ಸಂಜೆ ಒಂದೆರಡು ಗಂಟೆ ಜೋರಾಗಿ ಬೆಂಕಿ ಉರಿಸುತ್ತಾರೆ. ಬೆಂಕಿ ಆರಿದ ಮೇಲೂ ಕಾದ ಇಟ್ಟಿಗೆ ರಾತ್ರಿಯೆಲ್ಲ ಮನೆಯನ್ನು ಬೆಚ್ಚಗಿಡುತ್ತದೆ.

ಇಂತಹ ಒಲೆಗಳಲ್ಲಿ ಕಟ್ಟಲು ಸುಲಭವಾದದ್ದು ರಷ್ಯದ ಗೂಡಿನ ಒಲೆ. ಲೋಹವಿಜ್ಞಾನಿ ಗ್ರುಮ್-ಗ್ರ್ಝಿಮೈಲೊ 20ನೆಯ ಶತಮಾನದ ಆರಂಭದಲ್ಲಿ ವಿವರಿಸಿದ ತತ್ವವೇ ಇದಕ್ಕೆ ಆಧಾರ. ಬೋರಲು ಹಾಕಿದ ಕೊಡವನ್ನು ನೆನೆಯಿರಿ. ಬಿಸಿ ಹೊಗೆ ಹಗುರ, ಮೇಲೇರಿ ಅಲ್ಲೇ ನಿಲ್ಲುತ್ತದೆ. ಗೋಡೆಗೆ ಶಾಖ ಕೊಟ್ಟು ತಣ್ಣಗಾದದ್ದು ಕೆಳಗಿಳಿಯುತ್ತದೆ. ಆದ್ದರಿಂದ ಹೊಗೆಕೊಳವೆಯ ಬಾಯಿ ಗೂಡಿನ ತಳದಲ್ಲಿರಬೇಕು.

ಗೂಡು ದೊಡ್ಡದಾದಷ್ಟೂ ಒಳ್ಳೆಯದೆಂದು ಅನ್ನಿಸುವುದು ಸಹಜ. ಹಾಗಲ್ಲ. ಗೂಡು ಅತಿ ದೊಡ್ಡದಾದರೆ ಹೊಗೆ ತೀರ ತಣ್ಣಗಾಗಿ ಕೊಳವೆಯಲ್ಲಿ ನೀರಿಳಿಯುತ್ತದೆ, ಸೆಳೆತ ನಿಂತು ಹೊಗೆ ಮನೆಯೊಳಗೇ ತಿರುಗುತ್ತದೆ. ಚಿಕ್ಕದಾದರೆ ಸೌದೆಯ ಶಾಖವೆಲ್ಲ ಆಕಾಶದ ಪಾಲು. 6 ಅಂಗುಲದ ಕೊಳವೆಯಿದ್ದು ಜೋರಾಗಿ ಉರಿಯುವ ಒಲೆಗೆ, ತಳವನ್ನು ಬಿಟ್ಟು, ಗೂಡಿನ ಒಳಗೋಡೆ ಮತ್ತು ಚಾವಣಿ ಸೇರಿ ಸುಮಾರು 57 ಚದರ ಅಡಿ ಇರಬೇಕೆಂಬುದು ಕಟ್ಟುವವರ ಅನುಭವ. ಒಳ ಅಳತೆ 3 ಅಡಿ ಉದ್ದ, 2½ ಅಡಿ ಅಗಲ, 4½ ಅಡಿ ಎತ್ತರವಾದರೆ ಲೆಕ್ಕ ಕೂಡುತ್ತದೆ: ಸುತ್ತಳತೆ 11 ಅಡಿ, ಗೋಡೆ 49½, ಚಾವಣಿ 7½. 8 ಅಂಗುಲದ ಕೊಳವೆಗಾದರೆ ಸುಮಾರು 100 ಚದರ ಅಡಿ ಬೇಕು.

ಇನ್ನು ಗೋಡೆಯ ದಪ್ಪ. ಒಂದು ಕಿಲೋ ಒಣ ಸೌದೆಯಿಂದ ಒಲೆಗೆ ದಕ್ಕುವುದು ಸುಮಾರು 2,500 ಕಿಲೋ ಕ್ಯಾಲೊರಿ. ಒಂದು ಕಿಲೋ ಇಟ್ಟಿಗೆಯನ್ನು ಒಂದು ಡಿಗ್ರಿ ಕಾಯಿಸಲು 0.2 ಸಾಕು. ಇಟ್ಟಿಗೆಯೆಲ್ಲ ಸರಾಸರಿ 50 ಡಿಗ್ರಿ ಏರುವುದೆಂದು ಹಿಡಿದರೆ ಕಿಲೋ ಸೌದೆಗೆ 250 ಕಿಲೋ ಇಟ್ಟಿಗೆ ಬೇಕಾಗುತ್ತದೆ. ಮೇಲಿನ ಗೂಡಿಗೆ 4½ ಅಂಗುಲದ ಗೋಡೆ ಕಟ್ಟಿದರೆ ಸುಮಾರು ಒಂದು ಟನ್ ತೂಕ. ಅದು 4 ಕಿಲೋ ಸೌದೆಯ ಶಾಖವನ್ನಷ್ಟೇ ಹಿಡಿದೀತು. 9 ಅಂಗುಲ ಕಟ್ಟಿದರೆ 8 ಕಿಲೋಗೂ ತುಸು ಹೆಚ್ಚು. ಇಷ್ಟು ಭಾರವನ್ನು ಮನೆಯ ನೆಲ ತಾಳುವುದಿಲ್ಲ, ಬೇರೆಯೇ ಅಡಿಪಾಯ ಹಾಕಿರಿ.

ಗಾರೆಗೆ ಸಿಮೆಂಟ್ ಬೇಡ, ಕಾವಿಗೆ ಬಿರಿಯುತ್ತದೆ. ಜೇಡಿಮಣ್ಣು ಮರಳು ಸಾಕು. ಬೆಂಕಿ ನೇರವಾಗಿ ತಾಗುವ ಕಡೆ ಬೆಂಕಿ ಇಟ್ಟಿಗೆಯನ್ನೇ ಇಡಬೇಕು. ನೀಲಗಿರಿ ಮರದ ಹಸಿ ಸೌದೆ ಹಾಕಿದರೆ ಶಾಖದ ಒಂದು ಪಾಲು ನೀರು ಆರಿಸುವುದಕ್ಕೇ ಹೋದೀತು, ಸೀಳಿ ಒಣಗಿಸಿಡಿ.

ಕೊಳವೆಗೆ ಮುಚ್ಚುವ ತಗಡು ಹಾಕುವ ವಾಡಿಕೆಯೂ ಉಂಟು. ಕೆಂಡ ಪೂರ್ತಿ ಆರುವ ಮೊದಲು ಅದನ್ನು ಮುಚ್ಚಿದರೆ ಅದೇ ವಿಷಾನಿಲ ಮನೆಗೆ ನುಗ್ಗುತ್ತದೆ. ಗೂಡಿನ ಒಲೆಯಲ್ಲಿ ಬಾಯಿ ತಳದಲ್ಲಿರುವುದರಿಂದ ಬಿಸಿಗಾಳಿ ತಾನಾಗಿಯೇ ಮೇಲೆ ಉಳಿಯುತ್ತದೆ. ತಗಡು ಹಾಕದಿರುವುದೇ ಲೇಸೆಂದು ನಮ್ಮ ಅಭಿಪ್ರಾಯ. ಕಟ್ಟಿದ ಮೇಲೆ ಕೆಲವು ವಾರ ಒಣಗಲು ಬಿಟ್ಟು, ಮೊದಮೊದಲು ಒಂದು ಹಿಡಿ ಪುಳ್ಳೆಯಷ್ಟೇ ಉರಿಸಿರಿ.